ಬರ, ನೆರೆ: ಎರಡಲ್ಲ, ಒಂದೇ ಸುದ್ದಿ

2022ರ ಸೆಪ್ಟೆಂಬರ್. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ. 2024ರ ಮಾರ್ಚ್‌ನಲ್ಲಿ ಅದೇ ಬೆಂಗಳೂರಿನಲ್ಲಿ ಟ್ಯಾಂಕರ್ ಮುಂದೆ ಕೊಡಗಳ ಸಾಲು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಈ ಮೂರೂ ಸುದ್ದಿಯನ್ನು ನಿಮಗೆ ಓದಿ ಹೇಳಿದ್ದು ನಾನೇ. ಪ್ರತಿ ಸಲವೂ ಬೇರೆ ಹೆಡ್‌ಲೈನ್ ಹಾಕಿದ್ವಿ. ತಪ್ಪಾಗಿದ್ದು ಅಲ್ಲೇ.

"ಭೂಮಿ ಬಿಸಿ ಆಗ್ತಿದೆ ಅಂತೀರಿ, ಹಾಗಾದ್ರೆ ಮಳೆ ಯಾಕೆ ಹೀಗೆ ಸುರಿಯುತ್ತೆ?" ಅಂತ ವೀಕ್ಷಕರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಇಂಜಿನಿಯರಿಂಗ್ ಓದುವಾಗ ಕಲಿತ ಒಂದು ಲೆಕ್ಕ ಇದಕ್ಕೆ ಸಾಕು. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಗಾಳಿಯನ್ನು ಮನೆ ಮೇಲಿನ ಟ್ಯಾಂಕ್ ಅಂದ್ಕೊಳ್ಳಿ. ಈಗ ಟ್ಯಾಂಕ್ ದೊಡ್ಡದಾಗಿದೆ. ತುಂಬುವವರೆಗೆ ಹೊಲದ, ಕೆರೆಯ ನೀರನ್ನು ಹೀರುತ್ತೆ: ಬರ. ತುಂಬಿದ ಮೇಲೆ ಒಂದೇ ಏಟಿಗೆ ಸುರಿಯುತ್ತೆ: ನೆರೆ.

ಟ್ಯಾಂಕ್ ದೊಡ್ಡದು ಮಾಡಿದವರು ಯಾರು? ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟ ನಾವೇ. ಕೈಗಾರಿಕಾ ಕ್ರಾಂತಿಗೆ ಮುಂಚೆ ಗಾಳಿಯ ಪ್ರತಿ 10 ಲಕ್ಷ ಭಾಗದಲ್ಲಿ ಕಾರ್ಬನ್ ಡೈ ಆಕ್ಸೈಡ್ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಭೂಮಿಯ ಶಾಖ ಹೊರಗೆ ಹೋಗದಂತೆ ತಡೆಯೋ ಕಂಬಳಿ ಅದು.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಬೇಡಿ. 2023ರ ಬರದಲ್ಲಿ ಎಲ್ ನಿನೋ ಪಾತ್ರವೂ ಇತ್ತು. ಇನ್ನು ರಾಜಕಾಲುವೆ ಮೇಲೆ ಕಟ್ಟಡ ಎಬ್ಬಿಸಿದ್ದು ಮೋಡ ಅಲ್ಲ, ಮನುಷ್ಯ. ಅದಕ್ಕೆ 'ಪ್ರಕೃತಿ ವಿಕೋಪ' ಅಂದ್ರೆ ಒತ್ತುವರಿ ಮಾಡಿದವನಿಗೂ ಸಹಿ ಹಾಕಿದವನಿಗೂ ನಾವೇ ಜಾಮೀನು ಕೊಟ್ಟ ಹಾಗೆ.

ಪರಿಹಾರ ಎರಡು ಕಡೆಯಿಂದ ಬರಬೇಕು. ಮೊದಲನೆಯದು, ಸುಡೋದನ್ನು ಕಡಿಮೆ ಮಾಡೋದು. ಬರಕ್ಕೆ ಹೆಸರಾದ ಪಾವಗಡದಲ್ಲಿ ಇವತ್ತು 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು; ವರ್ಷ ವರ್ಷ ಬಾಡಿಗೆ ಬರುತ್ತೆ. ಆದರೆ ಜಮೀನೇ ಇಲ್ಲದ ಕೂಲಿಕಾರರಿಗೆ ಬಾಡಿಗೆ ಎಲ್ಲಿಂದ? ಮುಂದಿನ ಯೋಜನೆಯಲ್ಲಿ ಅವರ ಲೆಕ್ಕವೂ ಇರಬೇಕು.

ಎರಡನೆಯದು, ಸುರಿದ ನೀರನ್ನು ಹಿಡಿಯೋದು. ಕೆರೆಯ ಹೂಳು ತೆಗೆಯಬೇಕು, ಕೆರೆಯಿಂದ ಕೆರೆಗೆ ಹೋಗುವ ಕಾಲುವೆ ಬಿಡಿಸಬೇಕು, ತಾರಸಿ ನೀರನ್ನು ಇಂಗಿಸಬೇಕು. ಈ ವರ್ಷ ಕೊಚ್ಚಿಕೊಂಡು ಹೋಗೋ ನೀರೇ ಮುಂದಿನ ಬೇಸಿಗೆಯಲ್ಲಿ ನಾವು ಟ್ಯಾಂಕರ್‌ನವರಿಗೆ ದುಡ್ಡು ಕೊಟ್ಟು ತರಿಸೋ ನೀರು.

ನೆರೆ ಬಂದಾಗ ನೆರೆ ಪರಿಹಾರ ಎಷ್ಟು ಅಂತ ಕೇಳ್ತೀವಿ, ಬರ ಬಂದಾಗ ಬರ ಪರಿಹಾರ ಎಷ್ಟು ಅಂತ ಕೇಳ್ತೀವಿ. ಕೇಳಲೇಬೇಕು. ಜೊತೆಗೆ ಇನ್ನೊಂದು ಪ್ರಶ್ನೆ ಇರಲಿ: ಕಳೆದ ಮಳೆಗಾಲದ ನೀರು ಎಲ್ಲಿ ಹೋಯ್ತು? ನಿಮ್ಮೂರಿನ ಶಾಸಕರು ಸಿಕ್ಕರೆ ನೀವು ಕೇಳಿ. ಸ್ಟುಡಿಯೋಗೆ ಬಂದರೆ ನಾನು ಕೇಳ್ತೀನಿ.