ವೃದ್ಧಾಪ್ಯದಲ್ಲಿ ಪಾದಗಳ ಆರೈಕೆ

ವಯಸ್ಸಾದಂತೆ ಪಾದದ ಚರ್ಮ, ಉಗುರು, ಕೀಲು, ರಕ್ತನಾಳ ಮತ್ತು ನರಗಳಲ್ಲಿ ಹಲವು ಬದಲಾವಣೆಗಳು ಉಂಟಾಗುತ್ತವೆ. ಇವುಗಳಿಂದ ಹುಟ್ಟುವ ತೊಂದರೆಗಳನ್ನು ಗುರುತಿಸುವ, ತಡೆಯುವ ಮತ್ತು ಉಪಚರಿಸುವ ಕ್ರಮಗಳಿಗೆ ಒಟ್ಟಾಗಿ ವೃದ್ಧಾಪ್ಯದ ಪಾದ ಆರೈಕೆ ಎನ್ನಬಹುದು. ಹಿಮ್ಮಡಿ ಒಡೆಯುವುದು, ಆಣಿ, ಉಗುರು ದಪ್ಪವಾಗುವುದು, ಹಿಮ್ಮಡಿ ನೋವು ಮೊದಲಾದವು ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು. ಇವು ನೋವು ಕೊಡುತ್ತವೆಯಾದ್ದರಿಂದ ಜನರು ಇವುಗಳಿಗೆ ಬೇಗ ಗಮನ ಕೊಡುತ್ತಾರೆ. ಆದರೆ ವೃದ್ಧಾಪ್ಯದಲ್ಲಿ ಪಾದವನ್ನೇ ಕಳೆದುಕೊಳ್ಳುವಂತೆ ಮಾಡುವ ವ್ರಣಗಳು ಅನೇಕ ವೇಳೆ ನೋವಿಲ್ಲದೆಯೇ ಆರಂಭವಾಗುತ್ತವೆ. ಆದುದರಿಂದ ನೋವಿಲ್ಲದ ಪಾದವನ್ನು ಆರೋಗ್ಯವಂತ ಪಾದವೆಂದು ಭಾವಿಸುವುದು ತಪ್ಪಾಗುತ್ತದೆ.

ರಚನೆ ಮತ್ತು ವಯೋಸಹಜ ಬದಲಾವಣೆಗಳು

ಮನುಷ್ಯನ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ವಯಸ್ಕರ ದೇಹದಲ್ಲಿರುವ 206 ಮೂಳೆಗಳಲ್ಲಿ 52, ಅಂದರೆ ಸುಮಾರು ಕಾಲು ಭಾಗ, ಎರಡು ಪಾದಗಳಲ್ಲಿಯೇ ಇವೆ. ಕನ್ನಡದಲ್ಲಿ ‘ಕಾಲು’ ಎಂಬ ಪದಕ್ಕೆ ನಾಲ್ಕನೆಯ ಒಂದು ಭಾಗವೆಂಬ ಅರ್ಥವೂ ಇರುವುದು ಇಲ್ಲಿ ಆಕಸ್ಮಿಕವಾಗಿ ಹೊಂದಿಕೊಳ್ಳುತ್ತದೆ.

ವಯಸ್ಸಾದಂತೆ ಈ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ಸಡಿಲಗೊಂಡು ಪಾದದ ಕಮಾನು ತಗ್ಗುತ್ತದೆ. ಪಾದ ಅಗಲವೂ ಸ್ವಲ್ಪ ಉದ್ದವೂ ಆಗುತ್ತದೆ. ಹೀಗಾಗಿ ನಲವತ್ತರ ವಯಸ್ಸಿನಲ್ಲಿ ಸರಿಹೊಂದುತ್ತಿದ್ದ ಪಾದರಕ್ಷೆಯ ಅಳತೆ ಎಪ್ಪತ್ತರಲ್ಲಿ ಬಿಗಿಯಾಗಬಹುದು. ಅನೇಕರು ಇದನ್ನು ಗಮನಿಸದೆ ಹಳೆಯ ಅಳತೆಯನ್ನೇ ಅಂಗಡಿಯಲ್ಲಿ ಕೇಳುತ್ತಾರೆ. ಹಿಮ್ಮಡಿಯಲ್ಲಿಯೂ ಬೆರಳುಗಳ ಬುಡದಲ್ಲಿಯೂ ಮೆತ್ತೆಯಂತಿರುವ ಕೊಬ್ಬಿನ ಪದರ ತೆಳುವಾಗುವುದರಿಂದ ದೇಹದ ಭಾರ ನೇರವಾಗಿ ಮೂಳೆ ಮತ್ತು ಚರ್ಮದ ಮೇಲೆ ಬೀಳುತ್ತದೆ. ಅಂಗಾಲಿನ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹೇರಳವಾಗಿದ್ದರೂ ಎಣ್ಣೆ ಸ್ರವಿಸುವ ಗ್ರಂಥಿಗಳು ಇಲ್ಲವೇ ಇಲ್ಲ. ಬೆವರು ಕಡಿಮೆಯಾದಾಗ ಅಂಗಾಲು ಬೇಗ ಒಣಗುವುದಕ್ಕೆ ಇದೇ ಕಾರಣ.

ಚರ್ಮದ ತೊಂದರೆಗಳು

ಹಿಮ್ಮಡಿ ಒಡೆಯುವುದು ಬರಿಗಾಲಿನಲ್ಲಿ ನಡೆಯುವವರಲ್ಲಿ, ಹಿಂಬದಿ ತೆರೆದ ಚಪ್ಪಲಿ ಧರಿಸುವವರಲ್ಲಿ ಮತ್ತು ಚಳಿಗಾಲದಲ್ಲಿ ಹೆಚ್ಚು. ಒಣಗಿ ಗಟ್ಟಿಯಾದ ಚರ್ಮ ಭಾರಕ್ಕೆ ಹಿಗ್ಗಲಾರದೆ ಸೀಳುತ್ತದೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಮುರುಗಲ ಬೀಜದಿಂದ ತೆಗೆದ ಗಟ್ಟಿ ತುಪ್ಪವನ್ನು ಕರಗಿಸಿ ಹಚ್ಚುವ ರೂಢಿಯಿದೆ. ಚರ್ಮದ ತೇವವನ್ನು ಹಿಡಿದಿಡುವ ಮಟ್ಟಿಗೆ ಇದು ಯುಕ್ತವಾದ ಉಪಚಾರವೇ. ಯೂರಿಯಾ ಬೆರೆತ ಮುಲಾಮುಗಳು ತೇವ ಹಿಡಿಯುವುದರ ಜೊತೆಗೆ ಗಟ್ಟಿ ಚರ್ಮವನ್ನು ಮೆದುಗೊಳಿಸುತ್ತವೆ. ಯಾವುದನ್ನೇ ಆಗಲಿ ಸ್ನಾನದ ನಂತರ ಹಿಮ್ಮಡಿ ಮತ್ತು ಅಂಗಾಲಿಗೆ ಹಚ್ಚಬೇಕೇ ಹೊರತು ಬೆರಳುಗಳ ಸಂದಿಗೆ ಹಚ್ಚಬಾರದು. ಅಲ್ಲಿ ತೇವ ನಿಂತರೆ ಶಿಲೀಂಧ್ರದ ಸೋಂಕು ತಗುಲುತ್ತದೆ. ಕಾಲುಂಗುರ ಧರಿಸುವ ಮಹಿಳೆಯರು ಉಂಗುರದ ಅಡಿಯ ಚರ್ಮವನ್ನೂ ಒರೆಸಿಕೊಳ್ಳಬೇಕು. ಬೆರಳು ಊದಿಕೊಂಡಾಗ ಉಂಗುರ ಬಿಗಿದು ರಕ್ತಸಂಚಾರಕ್ಕೆ ಅಡ್ಡಿಯಾಗುವುದುಂಟು. ಬಹುಕಾಲದಿಂದ ತೆಗೆಯದ ಉಂಗುರವನ್ನು ಊತ ಹೆಚ್ಚುವ ಮೊದಲೇ ಸಡಿಲಗೊಳಿಸುವುದು ಲೇಸು.

ಒಂದೇ ಸ್ಥಳದಲ್ಲಿ ಒತ್ತಡ ಅಥವಾ ಉಜ್ಜುವಿಕೆ ಮುಂದುವರಿದಾಗ ಚರ್ಮ ದಪ್ಪಗಟ್ಟುತ್ತದೆ. ಅದು ಅಗಲವಾಗಿ ಹರಡಿದ್ದರೆ ಗಡ್ಡೆಚರ್ಮ, ಮೊಳೆಯಂತೆ ಒಳಕ್ಕೆ ಇಳಿದಿದ್ದರೆ ಆಣಿ. ಬಹುಕಾಲ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು ಕೆಲಸ ಮಾಡಿದವರಲ್ಲಿ ಪಾದದ ಗಿಣ್ಣಿನ ಹೊರಬದಿಯಲ್ಲಿಯೂ ಚರ್ಮ ದಪ್ಪವಾಗಿರುತ್ತದೆ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಸುಡುವುದು, ಅಂಗಡಿಯಲ್ಲಿ ದೊರೆಯುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿ ಅಂಟಿಸುವುದು ಬಳಕೆಯಲ್ಲಿರುವ ವಿಧಾನಗಳು. ಗೇರುಸಿಪ್ಪೆಯ ಎಣ್ಣೆ ಆರೋಗ್ಯವಂತ ಚರ್ಮವನ್ನೂ ಬೊಬ್ಬೆ ಏಳಿಸುವಷ್ಟು ತೀಕ್ಷ್ಣವಾದದ್ದು. ಮಧುಮೇಹವಿರುವವರು ಮತ್ತು ರಕ್ತಸಂಚಾರ ಕಡಿಮೆಯಿರುವವರು ಈ ಮೂರನ್ನೂ ಮಾಡತಕ್ಕದ್ದಲ್ಲ. ಒತ್ತಡದ ಮೂಲವಾದ ಪಾದರಕ್ಷೆಯನ್ನು ಬದಲಿಸದಿದ್ದರೆ ಆಣಿಯನ್ನು ಎಷ್ಟು ಸಲ ತೆಗೆದರೂ ಅದು ಮರಳಿ ಬರುತ್ತದೆ.

ಉಗುರುಗಳು

ಕಾಲಿನ ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು 12ರಿಂದ 18 ತಿಂಗಳು ಬೇಕು; ವಯಸ್ಸಾದವರಲ್ಲಿ ಇನ್ನೂ ನಿಧಾನ. ಉಗುರು ಹಳದಿಯಾಗಿ, ದಪ್ಪನಾಗಿ, ಪುಡಿಪುಡಿಯಾಗುತ್ತಿದ್ದರೆ ಶಿಲೀಂಧ್ರದ ಸೋಂಕು ಕಾರಣವಿರಬಹುದು. ಆದರೆ ದಪ್ಪವಾದ ಉಗುರುಗಳೆಲ್ಲ ಸೋಂಕಿನಿಂದ ಆದವಲ್ಲ. ಹಳೆಯ ಪೆಟ್ಟು, ಸೋರಿಯಾಸಿಸ್, ಬಿಗಿಯಾದ ಬೂಟುಗಳಿಂದಲೂ ಹಾಗಾಗುತ್ತದೆ. ಆದುದರಿಂದ ಮಾತ್ರೆಗಳನ್ನು ಆರಂಭಿಸುವ ಮೊದಲು ಉಗುರಿನ ಚೂರನ್ನು ಪರೀಕ್ಷಿಸುವುದು ಸರಿಯಾದ ಕ್ರಮ.

ಉಗುರನ್ನು ಸ್ನಾನದ ನಂತರ, ಅದು ಮೆದುವಾಗಿರುವಾಗ, ನೇರವಾಗಿ ಕತ್ತರಿಸಬೇಕು. ಮೂಲೆಗಳನ್ನು ಆಳಕ್ಕೆ ಕತ್ತರಿಸಿದರೆ ಉಗುರಿನ ಅಂಚು ಮಾಂಸದೊಳಕ್ಕೆ ಬೆಳೆದು ಕೀವಾಗುತ್ತದೆ. ಹಿಂದೆ ಹಳ್ಳಿಗಳಲ್ಲಿ ಕ್ಷೌರಕ್ಕೆ ಬಂದವರೇ ಹಿರಿಯರ ಉಗುರನ್ನೂ ತೆಗೆದುಕೊಡುತ್ತಿದ್ದುದುಂಟು. ಆ ರೂಢಿ ಮರೆಯಾದ ಮೇಲೆ, ಬಾಗಲಾರದ ಹಿರಿಯರ ಉಗುರು ತೆಗೆಯುವುದು ಮನೆಯಲ್ಲಿ ಯಾರ ಕೆಲಸವೂ ಅಲ್ಲದಂತಾಗಿದೆ.

ಮೂಳೆ ಮತ್ತು ಕೀಲಿನ ತೊಂದರೆಗಳು

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯಲ್ಲಿ ಚುಚ್ಚಿದಂತಾಗುವ ನೋವು ಅಂಗಾಲಿನ ತಂತುಪಟ್ಟಿಯ ತೊಂದರೆಯ ಲಕ್ಷಣ. ಮೀನಖಂಡ ಮತ್ತು ಅಂಗಾಲನ್ನು ಎಳೆಯುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆ ಮತ್ತು ತಾಳ್ಮೆಯಿಂದ ಹೆಚ್ಚಿನವರಿಗೆ ತಿಂಗಳುಗಳಲ್ಲಿ ಗುಣವಾಗುತ್ತದೆ. ಹೆಬ್ಬೆರಳು ಉಳಿದ ಬೆರಳುಗಳತ್ತ ವಾಲಿ ಅದರ ಬುಡದ ಗಿಣ್ಣು ಹೊರಚಾಚುವುದು, ಬೆರಳುಗಳು ಕೊಕ್ಕೆಯಂತೆ ಬಾಗುವುದು ಇತರ ವಿಕೃತಿಗಳು. ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಕಿದರೂ ತಡೆಯಲಾಗದಷ್ಟು ನೋಯುತ್ತಿದ್ದರೆ ಯೂರಿಕ್ ಆಮ್ಲದ ಹರಳುಗಳಿಂದಾಗುವ ಗೌಟ್ ಇರಬಹುದು.

ಸ್ಪರ್ಶಜ್ಞಾನದ ನಷ್ಟ

ಪಾದದ ನರಗಳು ದೇಹದ ಅತಿ ಉದ್ದದ ನರಗಳ ತುದಿಗಳು. ಆದುದರಿಂದ ನರಗಳಿಗೆ ಹಾನಿಯಾದಾಗ ಮೊದಲು ತಿಳಿಯುವುದು ಪಾದದಲ್ಲಿ. ಮಧುಮೇಹ ಇದರ ಪ್ರಮುಖ ಕಾರಣ. ವಿಟಮಿನ್ ಬಿ12ರ ಕೊರತೆ, ಅತಿಯಾದ ಮದ್ಯಪಾನ, ಕುಷ್ಠರೋಗ ಇತರ ಕಾರಣಗಳು. ಬಿ12ರ ಕೊರತೆ ಸಸ್ಯಾಹಾರಿಗಳಲ್ಲಿಯೂ ಮಧುಮೇಹಕ್ಕಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸಿದವರಲ್ಲಿಯೂ ಕಂಡುಬರುತ್ತದೆ. ರಕ್ತಪರೀಕ್ಷೆಯಿಂದ ತಿಳಿಯಬಹುದಾದ, ಸುಲಭವಾಗಿ ತುಂಬಬಹುದಾದ ಕೊರತೆ ಇದು. ಆರಂಭದಲ್ಲಿ ಜೋಮು, ಉರಿ, ಹತ್ತಿಯ ಮೇಲೆ ನಡೆದಂತಹ ಅನುಭವ ಇರಬಹುದು. ಕ್ರಮೇಣ ಉರಿ ನಿಂತಾಗ ರೋಗಿ ತನಗೆ ಗುಣವಾಯಿತೆಂದು ಸಂತೋಷಪಡುವುದುಂಟು. ನಿಜದಲ್ಲಿ ಸ್ಪರ್ಶಜ್ಞಾನವೇ ಹೋಗಿರಬಹುದು.

ನೋವಿನ ಅಭಾವ ಪಾದವನ್ನು ಹೇಗೆ ನಾಶಮಾಡುತ್ತದೆ ಎಂಬುದನ್ನು ವಿವರಿಸಿದವರಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ (1914–2003) ಪ್ರಮುಖರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಅವರು 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಉದುರುತ್ತವೆ ಎಂಬುದು ಆಗಿನ ಸಾಮಾನ್ಯ ನಂಬಿಕೆಯಾಗಿತ್ತು. ಮಾಂಸಖಂಡ ಕೊಳೆಯುವುದಕ್ಕೆ ಕಾರಣ ಗಾಯಗಳೆಂದೂ, ನೋವು ತಿಳಿಯದ ರೋಗಿ ಗಾಯದ ಮೇಲೆಯೇ ನಡೆಯುತ್ತಿರುವುದರಿಂದ ಅದು ಮಾಯುವುದಿಲ್ಲವೆಂದೂ ಬ್ರ್ಯಾಂಡ್ ತೋರಿಸಿಕೊಟ್ಟರು. ನೋವಿರುವ ಮನುಷ್ಯ ಕಾಲು ನೋಯತೊಡಗಿದೊಡನೆ ತನಗರಿವಿಲ್ಲದಂತೆಯೇ ಭಾರವನ್ನು ಇನ್ನೊಂದೆಡೆಗೆ ಸರಿಸುತ್ತಾನೆ, ಸ್ವಲ್ಪ ಕುಂಟುತ್ತಾನೆ. ನೋವಿಲ್ಲದವನು ಕುಂಟುವುದಿಲ್ಲ, ಸಾವಿರಾರು ಹೆಜ್ಜೆಗಳು ಒಂದೇ ಬಿಂದುವಿನ ಮೇಲೆ ಬೀಳುತ್ತವೆ. ಸೂಕ್ಷ್ಮರಂಧ್ರಗಳುಳ್ಳ ಮೆತ್ತನೆಯ ರಬ್ಬರಿನಿಂದ ಮಾಡಿದ ‘ಎಂಸಿಆರ್’ ಪಾದರಕ್ಷೆಗಳು ಈ ಕಾಲದ ಕೊಡುಗೆ. 1966ರಲ್ಲಿ ಅಮೆರಿಕದ ಲೂಯಿಸಿಯಾನಾದ ಕಾರ್‌ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ನಂತರ ಬ್ರ್ಯಾಂಡ್ ಇದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೆ ಅನ್ವಯಿಸಿದರು. ಎಂಸಿಆರ್ ಚಪ್ಪಲಿ ಇಂದು ಭಾರತದಲ್ಲಿ ಮಧುಮೇಹಿಗಳಿಗೂ ಸೂಚಿಸಲ್ಪಡುತ್ತದೆ. ಅದು ಕುಷ್ಠರೋಗಿಗಳ ಚಪ್ಪಲಿಯೆಂದು ಧರಿಸಲು ಹಿಂಜರಿಯುವುದು ವಿಷಾದದ ಸಂಗತಿ.

ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ಗಾಯವಾಗುವ ಸಂದರ್ಭಗಳು ತೀರ ದಿನನಿತ್ಯದವು. ಬಚ್ಚಲಲ್ಲಿ ಕುದಿಯುವ ನೀರನ್ನು ಬೆರಸದೆ ಕಾಲಿಗೆ ಸುರಿದುಕೊಳ್ಳುವುದು, ಬಿಸಿನೀರಿನ ಚೀಲವನ್ನು ಪಾದದ ಬಳಿ ಇಟ್ಟುಕೊಂಡು ಮಲಗುವುದು, ದ್ವಿಚಕ್ರ ವಾಹನದ ಸೈಲೆನ್ಸರ್ ತಾಗುವುದು, ಚಪ್ಪಲಿಯೊಳಗೆ ಸೇರಿದ ಕಲ್ಲಿನ ಚೂರಿನ ಮೇಲೆ ಇಡೀ ದಿನ ನಡೆಯುವುದು ಇಂಥವು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋದದ್ದೂ ಕೆಲವರಿಗೆ ತಿಳಿಯದು. ಬಿಸಿಲೇರಿದ ಮೇಲೆ ದೇವಾಲಯದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿದ ಮಧುಮೇಹಿಗಳಿಗೆ ಅಂಗಾಲಿನಲ್ಲಿ ಬೊಬ್ಬೆ ಎದ್ದಿರುವ ಪ್ರಕರಣಗಳು ದಕ್ಷಿಣ ಭಾರತದ ವೈದ್ಯರಿಗೆ ಪರಿಚಿತವಾದವು. ಅಂಥವರು ಹೊತ್ತೇರುವ ಮೊದಲೇ ದರ್ಶನ ಮುಗಿಸುವುದು, ಅವಕಾಶವಿರುವಲ್ಲಿ ದಪ್ಪ ಕಾಲುಚೀಲ ಧರಿಸುವುದು ಉತ್ತಮ.

ಸ್ಪರ್ಶಜ್ಞಾನದ ಪರೀಕ್ಷೆ ಸರಳವಾದದ್ದು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ನಿರ್ದಿಷ್ಟ ಸ್ಥಳಗಳಿಗೆ ತಾಗಿಸಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. 128 ಹರ್ಟ್ಸ್ ಶ್ರುತಿಕವೆಯಿಂದ ಕಂಪನದ ಅರಿವನ್ನು ಪರೀಕ್ಷಿಸುತ್ತಾರೆ. ಮಧುಮೇಹವಿರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಆಗಬೇಕು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸ್ಥಿತಿ ಶಾರ್ಕೋ ಪಾದ. ಫ್ರೆಂಚ್ ನರವೈದ್ಯ ಜೀನ್ ಮಾರ್ಟಿನ್ ಶಾರ್ಕೋ 1868ರಲ್ಲಿ ನರಹಾನಿಯಿಂದ ಕೀಲುಗಳು ಕುಸಿಯುವುದನ್ನು ವಿವರಿಸಿದರು. ಮಧುಮೇಹಕ್ಕೂ ಇದಕ್ಕೂ ಇರುವ ಸಂಬಂಧ 1936ರಲ್ಲಿ ವರದಿಯಾಯಿತು. ಪಾದ ಕೆಂಪಾಗಿ, ಬಿಸಿಯಾಗಿ ಊದಿರುತ್ತದೆ. ಅದಕ್ಕೆ ತಕ್ಕ ನೋವು ಇರುವುದಿಲ್ಲ. ಉಳುಕೆಂದು ತಿಳಿದು ತಿಕ್ಕಿಸಿಕೊಂಡು ನಡೆಯುತ್ತಿದ್ದರೆ ಮೂಳೆಗಳು ಮುರಿದು ಅಂಗಾಲು ತೊಟ್ಟಿಲ ತಳದಂತೆ ಉಬ್ಬುತ್ತದೆ. ಎರಡು ಪಾದಗಳ ಒಂದೇ ಸ್ಥಳದ ಉಷ್ಣತೆಯಲ್ಲಿ 2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಮುಂದುವರಿದರೆ ಒಳಗೆ ಉರಿಯೂತವಿದೆಯೆಂದು ಶಂಕಿಸಬೇಕು.

ರಕ್ತಸಂಚಾರ ಮತ್ತು ಊತ

ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವುದು ಕಾಲಿನ ಅಪಧಮನಿ ಕಿರಿದಾಗಿರುವುದರ ಲಕ್ಷಣ. ಧೂಮಪಾನ, ಬೀಡಿಯೂ ಸೇರಿ, ಇದರ ದೊಡ್ಡ ಕಾರಣ. ಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರೋಗವಿದೆಯೆಂದು ಅರ್ಥ. ಸ್ಪರ್ಶಜ್ಞಾನ ಮತ್ತು ರಕ್ತಸಂಚಾರ ಎರಡೂ ಕುಂದಿದ ಪಾದ ಅತ್ಯಂತ ಅಪಾಯದಲ್ಲಿರುತ್ತದೆ. ಚಿಕ್ಕ ಗಾಯವೂ ಮಾಯಲು ಬೇಕಾದ ರಕ್ತ ಅಲ್ಲಿಗೆ ತಲುಪುವುದಿಲ್ಲ.

ಎರಡೂ ಪಾದಗಳ ಊತಕ್ಕೆ ಹೃದಯ, ಮೂತ್ರಪಿಂಡ, ಯಕೃತ್ತಿನ ರೋಗಗಳಲ್ಲದೆ ಅಭಿಧಮನಿಗಳ ದೌರ್ಬಲ್ಯವೂ, ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್‌ನಂತಹ ಔಷಧವೂ ಕಾರಣವಾಗುತ್ತವೆ. ಒಂದೇ ಕಾಲು ಥಟ್ಟನೆ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದ್ದು, ಅದನ್ನು ತಿಕ್ಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ನಿತ್ಯದ ಆರೈಕೆ

ಆರೈಕೆಯಲ್ಲಿ ಮುಖ್ಯವಾದದ್ದು ಪ್ರತಿದಿನ ಪಾದವನ್ನು ನೋಡುವುದು. ಅಂಗಾಲು, ಹಿಮ್ಮಡಿ, ಬೆರಳುಗಳ ಸಂದಿಯಲ್ಲಿ ಕೆಂಪು, ಬೊಬ್ಬೆ, ಬಿರುಕು, ಬಣ್ಣದ ವ್ಯತ್ಯಾಸ ಇದೆಯೇ ಎಂದು ನೋಡಬೇಕು. ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲನ್ನು ನೋಡಿಕೊಳ್ಳಬಹುದೆಂದು ಕೈಪಿಡಿಗಳು ಹೇಳುತ್ತವೆ. ಕಣ್ಣು ಮಂಜಾಗಿ ಬೆನ್ನು ಬಾಗದ ವಯಸ್ಸಿನಲ್ಲಿ ಈ ಸಲಹೆ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯುತ್ತದೆ. ಮನೆಯ ಇನ್ನೊಬ್ಬರು ನೋಡುವುದೇ ನಂಬಬಹುದಾದ ಮಾರ್ಗ. ಹಿರಿಯರ ಪಾದ ಮುಟ್ಟಿ ನಮಸ್ಕರಿಸುವ ಮನೆಗಳಲ್ಲಿಯೂ ಆ ಪಾದದ ಅಡಿಭಾಗವನ್ನು ನೋಡಿದವರು ವಿರಳ. ತಮ್ಮ ಪಾದವನ್ನು ಮಗಳ ಅಥವಾ ಸೊಸೆಯ ಕೈಗೆ ಕೊಡಲು ಹಿರಿಯರಿಗೂ ಸಂಕೋಚವಿರುತ್ತದೆ. ವಾರಕ್ಕೊಮ್ಮೆ ಉಗುರು ತೆಗೆಯುವ ನೆಪದಲ್ಲಿ ಅಂಗಾಲನ್ನು ನೋಡಿಬಿಡುವುದು ಈ ಸಂಕೋಚಕ್ಕೆ ಒಂದು ಪರಿಹಾರ; ನರಹಾನಿಯಿರುವವರಿಗೆ ಮಾತ್ರ ವಾರಕ್ಕೊಮ್ಮೆ ಸಾಲದು.

ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಬೆರಳುಗಳ ಸಂದಿಯನ್ನು ಒರೆಸಬೇಕು. ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ, ಅಥವಾ ಬೇರೊಬ್ಬರಿಂದ, ನೋಡಿಸಬೇಕು. ಬಹಳ ಹೊತ್ತು ನೀರಿನಲ್ಲಿ ನೆನೆಸಿಡುವುದು ಚರ್ಮವನ್ನು ದುರ್ಬಲಗೊಳಿಸುತ್ತದೆ.

ಪಾದರಕ್ಷೆಯನ್ನು ಸಂಜೆ ಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಎರಡೂ ಪಾದಗಳನ್ನು ನಿಂತು ಅಳೆಸಿ, ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಬೇಕು. ಉದ್ದದ ಬೆರಳಿನ ಮುಂದೆ ಸುಮಾರು ಅರ್ಧ ಅಂಗುಲ ಜಾಗ, ಬೆರಳುಗಳ ಭಾಗದಲ್ಲಿ ಅಗಲ, ಹಿಂದೆ ಪಟ್ಟಿ, ಜಾರದ ಅಡಿ ಇರಬೇಕು. ಸಡಿಲವಾದ, ಸವೆದ ಚಪ್ಪಲಿಗಳು ಹಿರಿಯರು ಮನೆಯೊಳಗೇ ಎಡವಿ ಬೀಳುವುದಕ್ಕೆ ಕಾರಣವಾಗುತ್ತವೆ. ಹೊಸ ಪಾದರಕ್ಷೆಯನ್ನು ಮೊದಲ ದಿನಗಳಲ್ಲಿ ಒಂದೆರಡು ಗಂಟೆ ಮಾತ್ರ ಧರಿಸಿ, ತೆಗೆದ ಮೇಲೆ ಕೆಂಪಾಗಿದೆಯೇ ನೋಡಬೇಕು. ಧರಿಸುವ ಮುನ್ನ ಕೊಡವಿ, ಒಳಗೆ ಕೈಯಾಡಿಸುವುದು ಒಳ್ಳೆಯ ಅಭ್ಯಾಸ.

ವೈದ್ಯಕೀಯ ನೆರವು

ಪಾದದಲ್ಲಿ ತೆರೆದ ಗಾಯ, ಕೀವು, ದುರ್ವಾಸನೆ, ಕಪ್ಪಾದ ಬೆರಳು, ಒಂದೇ ಪಾದ ಬಿಸಿಯಾಗಿ ಊದುವುದು, ಗಾಯದ ಜೊತೆ ಜ್ವರ ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು. ಗಾಯಕ್ಕೆ ಅರಿಶಿನ, ಸುಣ್ಣ, ಸೊಪ್ಪಿನ ರಸ ಮೆತ್ತಿ ಒಂದೆರಡು ವಾರ ಕಾಯುವುದರಿಂದಲೇ ಅನೇಕ ಪಾದಗಳು ಕೈಮೀರಿದ ಸ್ಥಿತಿಯಲ್ಲಿ ವೈದ್ಯರನ್ನು ತಲುಪುತ್ತವೆ. ಅಂಗಾಲಿನ ವ್ರಣಕ್ಕೆ ಚಿಕಿತ್ಸೆಯ ತಿರುಳು ಅದರ ಮೇಲಿನ ಭಾರವನ್ನು ತೆಗೆಯುವುದು. ಮುಲಾಮು ಮತ್ತು ಪ್ರತಿಜೀವಕಗಳು ಆ ಕೆಲಸ ಮಾಡಲಾರವು. ಪಾದವನ್ನು ಸರಿಯಾಗಿ ಅಪ್ಪುವ ಪ್ಲಾಸ್ಟರ್ ಅಥವಾ ಬೂಟನ್ನು ವಾರಗಟ್ಟಲೆ ಹಾಕಬೇಕಾಗುತ್ತದೆ. ಮಾಯ್ದ ವ್ರಣಗಳಲ್ಲಿ ಸುಮಾರು ಶೇಕಡ 40ರಷ್ಟು ಒಂದು ವರ್ಷದೊಳಗೆ ಮರುಕಳಿಸುತ್ತವೆ.

ಪಾಶ್ಚಾತ್ಯ ದೇಶಗಳಲ್ಲಿ ಪಾದ ಚಿಕಿತ್ಸೆ ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಭಾರತದಲ್ಲಿ ರೋಗಿಗಳು ಸಾಮಾನ್ಯವಾಗಿ ಶಸ್ತ್ರವೈದ್ಯರನ್ನೋ ಮೂಳೆತಜ್ಞರನ್ನೋ ಮಧುಮೇಹ ತಜ್ಞರನ್ನೋ ಕಾಣುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಇನ್ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದ ಚಿಕಿತ್ಸೆಗೆಂದೇ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಮಧುಮೇಹದ ಮಾತ್ರೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಚಪ್ಪಲಿ ಬಿಚ್ಚಿ ಎರಡೂ ಅಂಗಾಲುಗಳನ್ನು ತೋರಿಸಬಹುದು.