ಬರ್ಗರ್ ಗಾಡಿಯಲ್ಲಿ ಇಂಗ್ಲಿಷ್ ಕಲಿತ ಕ್ಯಾಪ್ಟನ್

ಇಪ್ಪತ್ತು ವರ್ಷದ ಹುಡುಗ. ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿನ ಆಟಗಾರ. ಕೈತುಂಬ ಸಂಬಳ, ವಾರವಾರ ಅರವತ್ತು ಸಾವಿರ ಜನರ ಮುಂದೆ ಆಟ. ಆದರೂ ಬಿಡುವು ಸಿಕ್ಕಾಗ ಗೆಳೆಯನೊಬ್ಬನ ಬರ್ಗರ್ ಗಾಡಿಗೆ ಹೋಗಿ ಕೆಲಸಕ್ಕೆ ನಿಲ್ಲುತ್ತಿದ್ದ. ದುಡ್ಡಿಗಲ್ಲ, ಇಂಗ್ಲಿಷ್ ಕಲಿಯೋಕೆ. ಬಲ್ಗೇರಿಯಾದಿಂದ ಬಂದಿದ್ದ ಆ ಹುಡುಗನ ಹೆಸರು ಸ್ಟಿಲಿಯನ್ ಪೆಟ್ರೊವ್.

ಈ ಕತೆ ನಾನು ಓದಿದ್ದು 2016ರಲ್ಲಿ. ಎಂಜಿನಿಯರಿಂಗ್ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಟೀಮಿನಲ್ಲಿ ಇಬ್ಬರು ಗ್ಲಾಸ್ಗೋದವರು. ಅವರು ಮಾತಾಡಿದ್ದರಲ್ಲಿ ಅರ್ಧ ನನ್ನ ತಲೆ ಮೇಲಿಂದ ಹೋಗ್ತಿತ್ತು. ಎಲ್ಲದಕ್ಕೂ ‘ಎಸ್, ಎಸ್’ ಅಂತ ಹೇಳಿ, ಕಾಲ್ ಮುಗಿದ ಮೇಲೆ ಪಕ್ಕದವನನ್ನು ಕೇಳ್ತಿದ್ದೆ, ‘ಏನಂದ್ರೋ ಅವರು?’ ಹಾಗಾಗಿ ಬರ್ಗರ್ ಗಾಡಿ ಕತೆ ನನ್ನನ್ನು ಹಿಡಿದು ಕೂರಿಸಿತು.

ಪೆಟ್ರೊವ್ ಹುಟ್ಟಿದ್ದು 1979ರಲ್ಲಿ, ಬಲ್ಗೇರಿಯಾದ ವಾಯವ್ಯ ಮೂಲೆಯಲ್ಲಿರೋ ಪುಟ್ಟ ಊರಿನಲ್ಲಿ. ಈಗ ಆ ಊರಿನ ಹೆಸರು ಮೊಂಟಾನಾ. ಅವನು ಹುಟ್ಟಿದಾಗ ಮಿಖೈಲೋವ್‌ಗ್ರಾದ್ ಆಗಿತ್ತು; ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ 1993ರಲ್ಲಿ ಬದಲಾಯಿಸಿದರು. ಮರುವರ್ಷ ಬಲ್ಗೇರಿಯಾ ವಿಶ್ವಕಪ್ ಸೆಮಿಫೈನಲ್ ತಲುಪಿತು. ಹ್ರಿಸ್ಟೊ ಸ್ಟೊಯ್ಚ್‌ಕೊವ್ ಇಡೀ ದೇಶದ ಹೀರೊ ಆದ. ಹದಿನೈದರ ಹುಡುಗನಿಗೆ ಫುಟ್‌ಬಾಲ್ ಹುಚ್ಚು ಹಿಡಿಯೋಕೆ ಅದಕ್ಕಿಂತ ಒಳ್ಳೆ ಕಾಲ ಯಾವುದಿದೆ? ರಾಜಧಾನಿಯ ದೊಡ್ಡ ಕ್ಲಬ್ ಸಿಎಸ್‌ಕೆಎ ಸೋಫಿಯಾ ಸೇರಿದ. ಅಲ್ಲಿಂದ 1999ರಲ್ಲಿ ಸೆಲ್ಟಿಕ್‌ಗೆ.

ಆ ಮೊದಲ ವರ್ಷ ಬರೀ ಒದ್ದಾಟ. ತಂಡವೇ ನೆಟ್ಟಗಿರಲಿಲ್ಲ. ಕಪ್ ಪಂದ್ಯದಲ್ಲಿ ಇನ್ವರ್ನೆಸ್ ಅನ್ನೋ ಚಿಕ್ಕ ತಂಡದ ಕೈಲಿ ತನ್ನದೇ ಮೈದಾನದಲ್ಲಿ ಸೋತು, ಕೋಚ್ ಜಾನ್ ಬಾರ್ನ್ಸ್ ಕೆಲಸ ಕಳೆದುಕೊಂಡರು. ಲೀಗ್‌ನಲ್ಲಿ ರೇಂಜರ್ಸ್ 21 ಅಂಕ ಮುಂದೆ ಹೋಗಿ ಗೆದ್ದಿತು. ಪೆಟ್ರೊವ್‌ನನ್ನು ಎಷ್ಟೋ ಸಲ ಅವನದಲ್ಲದ ರೈಟ್ ಬ್ಯಾಕ್ ಜಾಗದಲ್ಲಿ ಆಡಿಸಿದರು. ಭಾಷೆ ಬರಲ್ಲ, ಊರ ನೆನಪು ಬಿಡಲ್ಲ.

ಚೆಂಡಾಟಕ್ಕೆ ಭಾಷೆ ಯಾಕೆ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಮಿಡ್‌ಫೀಲ್ಡರ್ ಎಲ್ಲಿ ನಿಲ್ಲುತ್ತಾನೆ ಅಂತ ನೋಡಿದರೆ ಅರ್ಥವಾಗುತ್ತೆ. ಗೋಲ್‌ಕೀಪರ್‌ಗೆ ಇಡೀ ಮೈದಾನ ಕಣ್ಣ ಮುಂದೆ ಇರುತ್ತೆ. ಸ್ಟ್ರೈಕರ್ ಗೋಲಿನ ಕಡೆ ಓಡಿದರೆ ಅರ್ಧ ಕೆಲಸ ಆಯ್ತು. ನಡುವೆ ನಿಂತವನಿಗೆ ಮಾತ್ರ ನಾಲ್ಕೂ ದಿಕ್ಕಿನಿಂದ ಜನ ಬರ್ತಾರೆ. ಚೆಂಡು ಕಾಲಿಗೆ ಬರೋ ಹೊತ್ತಿಗೆ ಬೆನ್ನ ಹಿಂದೆ ಯಾರಿದ್ದಾರೆ ಅಂತ ಅವನಿಗೆ ಕಾಣಲ್ಲ. ಜೊತೆಗಾರ ‘ಮ್ಯಾನ್ ಆನ್’ ಅಂತ ಕೂಗಿದರೆ ಹಿಂದೆ ಎದುರಾಳಿ ಇದ್ದಾನೆ, ಚೆಂಡು ಬೇಗ ಬಿಡು ಅಂತ ಅರ್ಥ. ‘ಟರ್ನ್’ ಅಂದರೆ ಯಾರೂ ಇಲ್ಲ, ತಿರುಗು ಅಂತ. ಇವೆರಡರಲ್ಲಿ ಯಾವುದು ಅಂತ ತಿಳಿಯೋಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿದರೆ ಚೆಂಡು ಹೋಯ್ತು, ಕೆಲವೊಮ್ಮೆ ಕಾಲೂ ಹೋಯ್ತು. ಅದರ ಮೇಲೆ ಅವರು ಕೂಗೋದು ಪಠ್ಯಪುಸ್ತಕದ ಇಂಗ್ಲಿಷಿನಲ್ಲಲ್ಲ, ಗ್ಲಾಸ್ಗೋ ಇಂಗ್ಲಿಷಿನಲ್ಲಿ! ಬರ್ಗರ್ ಗಾಡಿಗೆ ಬರೋ ಗಿರಾಕಿಗಳೂ ಮಾತಾಡೋದು ಅದನ್ನೇ. ಹಸಿದವರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಲ್ಲ. ಹುಡುಗ ಸರಿಯಾದ ಟ್ಯೂಷನ್ನೇ ಹುಡುಕಿಕೊಂಡಿದ್ದ.

2000ರಲ್ಲಿ ಹೊಸ ಕೋಚ್ ಮಾರ್ಟಿನ್ ಒನೀಲ್ ಬಂದರು, ಪೆಟ್ರೊವ್ ಮೈದಾನದ ನಡುವೆ ಬಂದ. ಅದೇ ಆಗಸ್ಟಿನಲ್ಲಿ ರೇಂಜರ್ಸ್ ವಿರುದ್ಧದ ಪಂದ್ಯ. ಹನ್ನೊಂದೇ ನಿಮಿಷದಲ್ಲಿ ಸೆಲ್ಟಿಕ್ ಮೂರು ಗೋಲು ಹೊಡೆದಿತ್ತು. ಎರಡನೆಯದು ಪೆಟ್ರೊವ್‌ನ ಹೆಡರ್. ಪಂದ್ಯ ಮುಗಿದದ್ದು 6-2ಕ್ಕೆ. ಆ ಋತುವಿನಲ್ಲಿ ಸೆಲ್ಟಿಕ್ ದೇಶದ ಮೂರೂ ಟ್ರೋಫಿ ಗೆದ್ದಿತು, ವರ್ಷದ ಉತ್ತಮ ಯುವ ಆಟಗಾರ ಪ್ರಶಸ್ತಿ ಪೆಟ್ರೊವ್‌ಗೆ ಬಂತು. ಮಾರ್ಚ್‌ನಲ್ಲಿ ಕಾಲು ಮುರಿದುಕೊಂಡು ಕೊನೆಯ ಪಂದ್ಯಗಳನ್ನು ಹೊರಗೆ ಕೂತು ನೋಡಬೇಕಾಯ್ತು, ಅದು ಬೇರೆ ಮಾತು. ಅಲ್ಲಿದ್ದ ಏಳು ವರ್ಷದಲ್ಲಿ ನಾಲ್ಕು ಲೀಗ್ ಪಟ್ಟ ಗೆದ್ದ. 2003ರಲ್ಲಿ ಸೆವಿಯಾದಲ್ಲಿ ಯುಇಎಫ್‌ಎ ಕಪ್ ಫೈನಲ್‌ನಲ್ಲೂ ಆಡಿದ. ಹೆಚ್ಚುವರಿ ಸಮಯದಲ್ಲಿ ಪೋರ್ಟೊ 3-2ರಿಂದ ಗೆದ್ದಿತು. ಆಗ ಪೋರ್ಟೊ ಕೋಚ್ ಯಾರು ಗೊತ್ತಲ್ಲ, ಜೋಸೆ ಮೊರಿನ್ಯೊ.

ದೇಶದ ತಂಡದ ಕತೆ ಇಷ್ಟು ಸಿಹಿಯಲ್ಲ. ಬಲ್ಗೇರಿಯಾ ಪರ ನೂರಕ್ಕೂ ಹೆಚ್ಚು ಪಂದ್ಯ ಆಡಿದ, ಕ್ಯಾಪ್ಟನ್ನೂ ಆದ, ವಿಶ್ವಕಪ್ ಮಾತ್ರ ಒಂದೂ ಸಿಗಲಿಲ್ಲ. 2004ರ ಯುರೊ ಕಪ್‌ನಲ್ಲಿ ತಂಡ ಮೂರಕ್ಕೆ ಮೂರೂ ಪಂದ್ಯ ಸೋತಿತು, ಡೆನ್ಮಾರ್ಕ್ ವಿರುದ್ಧ ಇವನಿಗೇ ರೆಡ್ ಕಾರ್ಡ್. ಮುಂದೆ ಚಿಕ್ಕಂದಿನ ಹೀರೊ ಸ್ಟೊಯ್ಚ್‌ಕೊವ್ ಕೋಚ್ ಆಗಿ ಬಂದಾಗ ಇಬ್ಬರಿಗೂ ಹೊಂದಲಿಲ್ಲ. 2006ರಲ್ಲಿ ಪೆಟ್ರೊವ್ ದೇಶದ ತಂಡವನ್ನೇ ಬಿಟ್ಟ, ಮರುವರ್ಷ ವಾಪಸ್ ಬಂದ. ಇಂಥ ಮ್ಯಾನೇಜರ್ ಪುರಾಣ ಆಫೀಸಿಗೆ ಹೋಗೋ ಎಲ್ಲರಿಗೂ ಗೊತ್ತಿರೋದೇ, ಬಿಡಿ.

2006ರ ಆಗಸ್ಟಿನಲ್ಲಿ, ಒನೀಲ್ ಹಿಂದೆಯೇ ಇಂಗ್ಲೆಂಡಿನ ಆಸ್ಟನ್ ವಿಲ್ಲಾಗೆ ಬಂದ. ಜೆರ್ಸಿ ನಂಬರ್ ಮಾತ್ರ ಬದಲಾಗಲಿಲ್ಲ, ಅದೇ 19. ಇಲ್ಲೂ ಮೊದಮೊದಲು ಜನ ಗೊಣಗಿದರು, ಇಷ್ಟು ದುಡ್ಡು ಕೊಟ್ಟು ತಂದಿದ್ದು ಇವನನ್ನಾ ಅಂತ. 2008ರ ಏಪ್ರಿಲ್‌ನಲ್ಲಿ ಡರ್ಬಿ ವಿರುದ್ಧ ಅರ್ಧಗೆರೆ ಹತ್ತಿರದಿಂದ, ಕೀಪರ್ ಮುಂದೆ ಬಂದಿದ್ದನ್ನು ನೋಡಿ, ಚೆಂಡನ್ನು ಗಾಳಿಯಲ್ಲೇ ಒದ್ದು ಗೋಲು ಮಾಡಿದ. ಗೊಣಗಾಟ ಅಲ್ಲಿಗೆ ನಿಂತಿತು ಅಂತಲೇ ಅನ್ನಬಹುದು. ಮರುವರ್ಷ ವಿಲ್ಲಾದ ವರ್ಷದ ಆಟಗಾರ, ಆಮೇಲೆ ಕ್ಯಾಪ್ಟನ್. ವಿಲ್ಲಾ ಸತತ ಮೂರು ವರ್ಷ ಆರನೇ ಸ್ಥಾನ ಪಡೆದ ಕಾಲ ಅದು. ಇಂಗ್ಲಿಷ್ ಬಾರದೆ ಒದ್ದಾಡಿದವನು ಈಗ ಇಂಗ್ಲಿಷ್ ಕ್ಲಬ್ಬಿನ ಹುಡುಗರಿಗೆ ಎಲ್ಲಿ ನಿಲ್ಲಬೇಕು ಅಂತ ಕೂಗಿ ಹೇಳ್ತಿದ್ದ.

2012ರ ಮಾರ್ಚ್ 24ಕ್ಕೆ ಆರ್ಸೆನಲ್ ವಿರುದ್ಧ ಆಡಿದ. ವಿಲ್ಲಾ 3-0ಯಿಂದ ಸೋತಿತು. ಪಂದ್ಯದ ಬಳಿಕ ಜ್ವರ. ರಕ್ತ ಪರೀಕ್ಷೆ ಮಾಡಿಸಿದರು. 30ನೇ ತಾರೀಕು ಕ್ಲಬ್ ಪ್ರಕಟಣೆ ಬಂತು: ಕ್ಯಾಪ್ಟನ್‌ಗೆ ಅಕ್ಯೂಟ್ ಲ್ಯುಕೇಮಿಯಾ, ಅಂದರೆ ವೇಗವಾಗಿ ಹರಡೋ ರಕ್ತದ ಕ್ಯಾನ್ಸರ್. ಅವನಿಗಾಗ 32 ವರ್ಷ. ಆರು ದಿನದ ಹಿಂದೆ ಪ್ರೀಮಿಯರ್ ಲೀಗಿನಲ್ಲಿ ಓಡುತ್ತಿದ್ದ ಮನುಷ್ಯ.

ಮಾರನೇ ದಿನ ವಿಲ್ಲಾ ಪಾರ್ಕಿನಲ್ಲಿ ಚೆಲ್ಸಿ ವಿರುದ್ಧ ಪಂದ್ಯ. ಪೆಟ್ರೊವ್ ಗ್ಯಾಲರಿಯಲ್ಲಿದ್ದ. ಗಡಿಯಾರ 19ನೇ ನಿಮಿಷ ತೋರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚೆಲ್ಸಿ ಅಭಿಮಾನಿಗಳೂ ಎದ್ದು ನಿಂತರು. ಒಂದು ದಿನದ ಭಾವುಕತೆ ಆಗಿದ್ದರೆ ನಾನಿದನ್ನು ಬರೀತಿರಲಿಲ್ಲ. ಮುಂದಿನ ಪಂದ್ಯದಲ್ಲೂ 19ನೇ ನಿಮಿಷಕ್ಕೆ ಚಪ್ಪಾಳೆ. ಅದರ ಮುಂದಿನದರಲ್ಲೂ. ಮುಂದಿನ ಋತು ಪೂರ್ತಿ. ತಂಡ ಕೆಳಗೆ ಜಾರುತ್ತಿದ್ದಾಗಲೂ, ಸೋಲುತ್ತಿದ್ದಾಗಲೂ ಆ ಒಂದು ನಿಮಿಷ ತಪ್ಪಲಿಲ್ಲ.

ಕೀಮೊಥೆರಪಿ ಫಲ ಕೊಟ್ಟಿತು. ಅದೇ ವರ್ಷ ಆಗಸ್ಟ್ ಹೊತ್ತಿಗೆ ಕ್ಯಾನ್ಸರ್ ಹತೋಟಿಗೆ ಬಂದ ಸುದ್ದಿ ಬಂತು. ಆದರೆ ದೇಹ ಫುಟ್‌ಬಾಲಿಗೆ ಒಗ್ಗೋ ಸ್ಥಿತಿಯಲ್ಲಿರಲಿಲ್ಲ. 2013ರ ಮೇ ತಿಂಗಳಲ್ಲಿ ನಿವೃತ್ತಿ ಘೋಷಿಸಿದ. ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಸಹಾಯಾರ್ಥ ಪಂದ್ಯ ನಡೆದಾಗ ಸೆಲ್ಟಿಕ್ ಪಾರ್ಕ್ ತುಂಬಿ ಹೋಗಿತ್ತು. ಕ್ಯಾನ್ಸರ್ ರೋಗಿಗಳಿಗೆ ನೆರವಾಗಲು ತನ್ನ ಹೆಸರಲ್ಲೇ ಒಂದು ಫೌಂಡೇಶನ್ ಶುರುಮಾಡಿದ.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಪೆಟ್ರೊವ್‌ಗೆ ಆಟ ಬಿಡೋಕೆ ಆಗಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂವತ್ತೈದು ದಾಟಿದವರ ಹವ್ಯಾಸಿ ತಂಡವೊಂದರ ಜೊತೆ ಭಾನುವಾರ ಆಡೋಕೆ ಹೋದ. ವಾರವೆಲ್ಲ ಬೇರೆ ಕೆಲಸ ಮಾಡಿ ಭಾನುವಾರ ಬೂಟು ಹಾಕೋ ಜನರ ನಡುವೆ, ವಿಲ್ಲಾದ ಮಾಜಿ ಕ್ಯಾಪ್ಟನ್. 2016ರಲ್ಲಿ ವಿಲ್ಲಾ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿತ್ತು. ಆ ಬೇಸಿಗೆಯಲ್ಲಿ ಹಳೇ ಕ್ಲಬ್ಬಿನ ಋತುಪೂರ್ವ ತರಬೇತಿಗೆ ಅವನು ಹಾಜರ್! ವಯಸ್ಸು 37, ನಾಲ್ಕು ವರ್ಷದಿಂದ ವೃತ್ತಿಪರ ಪಂದ್ಯ ಇಲ್ಲ. ಅಭ್ಯಾಸ ಪಂದ್ಯಗಳಲ್ಲಿ ಬದಲಿ ಆಟಗಾರನಾಗಿ ಇಳಿದ. ಕೊನೆಗೆ ಕ್ಲಬ್ ಒಪ್ಪಂದ ಕೊಡಲಿಲ್ಲ.

ಆ ಸುದ್ದಿ ಬಂದಾಗ ರೂಮ್‌ಮೇಟ್‌ಗೆ ಫೋನ್ ತೋರಿಸಿದೆ. ‘ಬದುಕಿ ಬಂದಿದ್ದೇ ದೊಡ್ಡದು ಮಗಾ, ಇದೆಲ್ಲ ಯಾಕೆ ಬೇಕಿತ್ತು ಅವನಿಗೆ?’ ಅಂದ. ಆಗ ನನಗೂ ಹೌದಲ್ವಾ ಅನ್ನಿಸಿತ್ತು. ಈಗ ಹಾಗನ್ನಿಸಲ್ಲ. ಆಟ ಬಿಡೋ ದಿನವನ್ನು ಒಂದು ರಕ್ತ ಪರೀಕ್ಷೆಯ ರಿಪೋರ್ಟ್ ನಿರ್ಧರಿಸಿತ್ತು. ಇನ್ನೊಂದು ಸಲ, ಬೇರೆಯವರ ಥರ, ‘ನೀನು ಈ ತಂಡಕ್ಕೆ ಸಾಕಾಗಲ್ಲ’ ಅಂತ ಕೋಚ್ ಬಾಯಿಂದ ಕೇಳಿಸಿಕೊಂಡು ಹೊರಗೆ ಬರೋ ಅವಕಾಶ ಅವನಿಗೆ ಬೇಕಿತ್ತೇನೋ. ಅದು ಸಿಕ್ಕಿತು.

ಡರ್ಬಿ ವಿರುದ್ಧದ ಆ ಗೋಲು ನೋಡಿಲ್ಲ ಅಂದರೆ ಫೋನಲ್ಲಿ ಹುಡುಕಿ ನೋಡಿ. ಅರ್ಧ ನಿಮಿಷವೂ ಹಿಡಿಯಲ್ಲ.