ಕೃಷ್ಣೆಯ ಹಿನ್ನೀರಿನಲ್ಲಿ ತೆಪ್ಪ ಏರುವ ಮುನ್ನ

ವಿಜಯಪುರ: 2024ರ ಜುಲೈ ತಿಂಗಳಲ್ಲಿ ಕೊಲ್ಹಾರ ತಾಲ್ಲೂಕಿನ ಬಳೂತಿ ಗ್ರಾಮದ ಬಳಿ ಕೃಷ್ಣಾ ನದಿಯಲ್ಲಿ ತೆಪ್ಪವೊಂದು ಮಗುಚಿತು. ನದಿದಂಡೆಯಲ್ಲಿ ಇಸ್ಪೀಟು ಆಡುತ್ತಿದ್ದವರು ಪೊಲೀಸರು ಬಂದರೆಂಬ ಭಯಕ್ಕೆ ಅದನ್ನು ಏರಿ ಹೊರಟಿದ್ದರೆಂದು ಆಗ ವರದಿಯಾಗಿತ್ತು. ಕೆಲವರು ಈಜಿ ದಡ ಸೇರಿದರು, ಉಳಿದವರು ನೀರುಪಾಲಾದರು. ಶೋಧ ಕಾರ್ಯ ಮರುದಿನವೂ ನಡೆಯಿತು. ಆ ದಿನಗಳಲ್ಲಿ ಜೂಜಿನ ಸಂಗತಿಯೇ ಹೆಚ್ಚು ಚರ್ಚೆಯಾಯಿತು. ತೆಪ್ಪದಲ್ಲಿದ್ದವರ ಮೈಮೇಲೆ ತೇಲುವ ಸಾಧನ ಇರಬೇಕಿತ್ತಲ್ಲವೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಮೀನು ಹಿಡಿಯಲು, ಆಚೆ ದಡದ ಹೊಲಕ್ಕೆ ಹೋಗಲು ನಿತ್ಯ ಬಳಕೆಯಾಗುವ ತೆಪ್ಪಗಳಲ್ಲಿ ಲೈಫ್ ಜಾಕೆಟ್ ಇಡುವ ರೂಢಿ ಈ ಭಾಗದಲ್ಲಿ ಬೆಳೆದೇ ಇಲ್ಲ.

ಇದಕ್ಕೆ ಕಾರಣ ಉಂಟು. ವಿಜಯಪುರ ಜಿಲ್ಲೆ ನೀರಿಗಾಗಿ ಕಾದ ನಾಡೇ ಹೊರತು ನೀರಿನ ಮೇಲೆ ಓಡಾಡಿದ ನಾಡಲ್ಲ. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರದಲ್ಲಿ 519.60 ಮೀಟರ್ ಎತ್ತರಕ್ಕೆ 123 ಟಿಎಂಸಿ ಅಡಿ ನೀರು ನಿಲ್ಲತೊಡಗಿದ ಮೇಲೆ ದಂಡೆಯ ಊರುಗಳ ಎದುರಿನ ನದಿ ಕೆರೆಯಂತೆ ಹರಡಿತು. ಕೊಲ್ಹಾರದ ಬಳಿ ಅದನ್ನು ದಾಟಲು ಸುಮಾರು 3 ಕಿ.ಮೀ. ಉದ್ದದ ಸೇತುವೆಯೇ ಬೇಕಾಯಿತು. ಬಬಲೇಶ್ವರ ತಾಲ್ಲೂಕಿನ ದಕ್ಷಿಣದ ಹಳ್ಳಿಗಳು ಈ ನೀರಿನ ಅಂಚಿನಲ್ಲಿವೆ. ಏತ ನೀರಾವರಿ ಯೋಜನೆಗಳು ಬಂದ ಮೇಲೆ ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಗೂ ಕೃಷ್ಣೆಯ ನೀರು ಹರಿಯಿತು. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಆಳವಾದ ಕೃಷಿ ಹೊಂಡಗಳು ಈಗ ಸಾಮಾನ್ಯ ದೃಶ್ಯ. ಬರದ ನೆಲಕ್ಕೆ ಆಳದ ನೀರು ಎರಡು ದಶಕಗಳ ಆಸುಪಾಸಿನಲ್ಲಿ ಬಂದಿತು. ಅದರೊಡನೆ ಬಾಳುವ ಅಭ್ಯಾಸ ಅಷ್ಟು ಬೇಗ ಬರುವಂಥದ್ದಲ್ಲ.

ಹಿನ್ನೀರಿಗೆ ತನ್ನದೇ ಗುಣಗಳಿವೆ. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಮುಳುಗಡೆಯಾದ ಗೋಡೆಗಳು, ಮರದ ಬೊಡ್ಡೆಗಳು, ಹರಿದ ಬಲೆಗಳು ಇರುತ್ತವೆ. ಮುಂಗಾರಿನ ಪಶ್ಚಿಮದ ಗಾಳಿಗೆ ಅಡ್ಡಿಯೇ ಇಲ್ಲದ ಬಯಲು ನೀರು ಸಿಗುವುದರಿಂದ ಅಲೆಗಳು ಬೇಗ ಏಳುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಂಡೆಯಲ್ಲಿ ಕಾಲು ಹೂತುಹೋಗುವ ಕೆಸರು ಉಳಿಯುತ್ತದೆ. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ, ಈಗ ಟಾರ್ಪಾಲಿನ್ ಹೊದಿಸಿ ಮಾಡುವ ದುಂಡನೆಯ ತೆಪ್ಪ ಅನುಭವಸ್ಥ ಅಂಬಿಗನ ಕೈಯಲ್ಲಿ ಒಳ್ಳೆಯ ವಾಹನವೇ ಸರಿ. ಆದರೆ ಅದಕ್ಕೆ ಅಡಿಗಟ್ಟು ಇಲ್ಲ. ಎಲ್ಲರೂ ಒಂದೇ ಬದಿಗೆ ವಾಲಿದರೆ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಭಾರ ತಳದಲ್ಲಿರುವುದಿಲ್ಲ.

ಕಡಲಿನ ಹಾಯಿದೋಣಿಗಳು ಕಲಿಸುವುದೇನು?

ಒಂದು ಕಾಲಕ್ಕೆ ಗೋವೆ, ದಾಭೋಳ ಬಂದರುಗಳು ವಿಜಯಪುರದ ಸುಲ್ತಾನರ ಕೈಯಲ್ಲಿದ್ದವು. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾಯಿತು. ಅದೇ ಗೋವೆಯಿಂದ 2024ರ ಅಕ್ಟೋಬರ್ 2ರಂದು ಭಾರತೀಯ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ‘ತಾರಿಣಿ’ ಎಂಬ 56 ಅಡಿ ಉದ್ದದ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆಗೆ ಹೊರಟು 2025ರ ಮೇ 29ರಂದು ಮರಳಿದರು. ಪೆಸಿಫಿಕ್ ಸಾಗರದಲ್ಲಿ ಅವರು ದಾಟಿದ ‘ನೆಮೊ ಬಿಂದು’ವಿಗೆ ಹತ್ತಿರದ ನೆಲ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಅಂಥ ಕಡೆ ಆಂಬುಲೆನ್ಸ್ ಇಲ್ಲ, ವೈದ್ಯರಿಲ್ಲ. ಆದುದರಿಂದ ದೂರಯಾನದ ಹಾಯಿದೋಣಿಯ ಸಿದ್ಧತೆಯೆಲ್ಲ ‘ಸದ್ಯಕ್ಕೆ ಯಾರೂ ಬರುವುದಿಲ್ಲ’ ಎಂಬ ಎಣಿಕೆಯ ಮೇಲೆ ನಿಂತಿರುತ್ತದೆ. ದೇಹವನ್ನು ದೋಣಿಗೆ ಬಿಗಿಯುವ ಪಟ್ಟಿ, ಗಾಳಿ ತುಂಬಿಕೊಳ್ಳುವ ರಕ್ಷಣಾ ತೆಪ್ಪ, ಕೆಂಪು ಬೆಳಕಿನ ಸಂಕೇತ ಬತ್ತಿ, ರೇಡಿಯೊ, ಮುರಿದ ಮೂಳೆಗೆ ಕಟ್ಟುವ ದಬ್ಬೆ, ಗಾಯ ಹೊಲಿಯುವ ಸೂಜಿ ದಾರ, ನೋವು ಮತ್ತು ವಾಂತಿಯ ಮಾತ್ರೆ ಎಲ್ಲವೂ ದೋಣಿಯಲ್ಲೇ ಇರುತ್ತವೆ. ರೇಡಿಯೊ ಮೂಲಕ ದಡದ ವೈದ್ಯರ ಸಲಹೆ ಪಡೆಯುವ ವ್ಯವಸ್ಥೆಯೂ ಇದೆ. ಇಟಲಿಯ ರೋಮ್‌ನಲ್ಲಿ ಇಂಥದೊಂದು ಕೇಂದ್ರ 1935ರಿಂದ ಕೆಲಸ ಮಾಡುತ್ತಿದೆ.

ಇಷ್ಟೆಲ್ಲ ಇದ್ದರೂ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಭಿಲಾಷ್ ಟಾಮಿ ಅವರ ಪ್ರಕರಣ ನಿದರ್ಶನ. ನೌಕಾಪಡೆಯ ಅಧಿಕಾರಿಯಾಗಿದ್ದ ಅವರು ಏಕಾಂಗಿ ಸ್ಪರ್ಧೆಯೊಂದರಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿದ್ದಾಗ, 2018ರ ಸೆಪ್ಟೆಂಬರ್ 21ರಂದು ಬಿರುಗಾಳಿಗೆ ಅವರ ‘ತುರೀಯ’ ದೋಣಿಯ ಕೂವೆಮರ ಮುರಿಯಿತು. ಬೆನ್ನಿಗೆ ತೀವ್ರ ಪೆಟ್ಟಾಗಿ ಏಳಲಾಗದೆ ಮಲಗಿದರು. ಆಸ್ಟ್ರೇಲಿಯಾದ ಪರ್ತ್ ನಗರ ಅಲ್ಲಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿತ್ತು. ಮುಖ್ಯ ಉಪಗ್ರಹ ದೂರವಾಣಿ ಕೆಟ್ಟಿತ್ತು. ಇನ್ನೊಂದು ದೂರವಾಣಿ ತುರ್ತು ಚೀಲದಲ್ಲಿತ್ತು, ಆದರೆ ಆ ಚೀಲದವರೆಗೆ ಹೋಗುವ ಶಕ್ತಿ ಅವರಿಗಿರಲಿಲ್ಲ. ಸಂದೇಶ ಕಳುಹಿಸುವ ಪುಟ್ಟ ಯಂತ್ರ ಮತ್ತು ಅಪಾಯ ಸೂಚಕ ಬೀಕನ್ ಅವರನ್ನು ಉಳಿಸಿದವು. ಭಾರತೀಯ ವಿಮಾನ ದೋಣಿಯನ್ನು ಪತ್ತೆ ಹಚ್ಚಿತು, ಸೆಪ್ಟೆಂಬರ್ 24ರಂದು ಫ್ರಾನ್ಸ್‌ನ ‘ಒಸಿರಿಸ್’ ನೌಕೆಯ ಸಿಬ್ಬಂದಿ ಅವರನ್ನು ಎತ್ತಿಕೊಂಡರು. ಐದು ವರ್ಷಗಳ ಬಳಿಕ, 2023ರಲ್ಲಿ, ಇದೇ ಸ್ಪರ್ಧೆಯನ್ನು ಅವರು ಎರಡನೆಯವರಾಗಿ ಮುಗಿಸಿದರು. ಇಂಥ ಬೀಕನ್‌ಗಳು 406 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಉಪಗ್ರಹಕ್ಕೆ ಕಳುಹಿಸುವ ಕೂಗನ್ನು ಭಾರತದಲ್ಲಿ ಸ್ವೀಕರಿಸಿ ರವಾನಿಸುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೊದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿ.

ಕೃಷ್ಣೆಯ ಮೀನುಗಾರನಿಗೆ ಬೀಕನ್ ಬೇಕಿಲ್ಲ, ನಿಜ. ದಡ ಕಣ್ಣಿಗೆ ಕಾಣುತ್ತಿರುತ್ತದೆ. ಆದರೆ ಉಸಿರು ನಿಂತ ಮನುಷ್ಯನ ಮಿದುಳಿಗೆ ನಾಲ್ಕರಿಂದ ಆರು ನಿಮಿಷಗಳಲ್ಲೇ ಹಾನಿ ಆರಂಭವಾಗುತ್ತದೆ. ವಿಜಯಪುರ ನಗರದ ದೊಡ್ಡ ಆಸ್ಪತ್ರೆಗಳಿಂದ ತಿಕೋಟಾ, ಬಬಲೇಶ್ವರ ಪಟ್ಟಣಗಳು 20ರಿಂದ 25 ಕಿ.ಮೀ. ದೂರ, ನದಿದಂಡೆ ಇನ್ನೂ ಆಚೆ. ಲೆಕ್ಕ ಹಾಕಿದರೆ ಹಿನ್ನೀರಿನ ನಡುವೆ ಬಿದ್ದವನೂ ನಡುಗಡಲಿನವನಷ್ಟೇ ಒಂಟಿ. ಜೊತೆಗಿದ್ದವರು ಮಾಡಿದ್ದೇ ಚಿಕಿತ್ಸೆ, ಮೈಮೇಲಿದ್ದದ್ದೇ ರಕ್ಷಣೆ.

ಜಾಕೆಟ್ ಎಂದರೆ ಎಲ್ಲವೂ ಜಾಕೆಟ್ ಅಲ್ಲ

ಲೈಫ್ ಜಾಕೆಟ್‌ನ ತೇಲಿಸುವ ಶಕ್ತಿಯನ್ನು ನ್ಯೂಟನ್ ಲೆಕ್ಕದಲ್ಲಿ ಅಳೆಯುತ್ತಾರೆ. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರವನ್ನು ಮೇಲೆತ್ತುವ ಬಲ. 50 ನ್ಯೂಟನ್ ಎಂದು ಬರೆದಿರುವುದು ಈಜು ಬಲ್ಲವರಿಗೆ, ದಡ ಹತ್ತಿರವಿದ್ದಾಗ ಮಾತ್ರ ನೆರವಾಗುವ ಅಂಗಿ. ಅದು ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ಈಜು ಬಾರದವರಿಗೆ, ನದಿ ಮತ್ತು ಹಿನ್ನೀರಿಗೆ 100 ನ್ಯೂಟನ್‌ನದು ಬೇಕು. ತೆರೆದ ಕಡಲಿಗೆ 150. ಈ ಸಂಖ್ಯೆ ಜಾಕೆಟ್‌ನ ಒಳಭಾಗದ ಚೀಟಿಯಲ್ಲಿ ಇರುತ್ತದೆ. ಚೀಟಿಯೇ ಇಲ್ಲದ ಕಿತ್ತಳೆ ಬಣ್ಣದ ಅಂಗಿಯನ್ನು ಅಂಗಡಿಯವನ ಮಾತಿನ ಮೇಲೆ ಕೊಳ್ಳುವುದು ಬೇಡ.

ಅಳತೆಯೂ ಮುಖ್ಯ. ಧರಿಸಿ ಪಟ್ಟಿಗಳನ್ನು ಬಿಗಿದ ಬಳಿಕ ಇನ್ನೊಬ್ಬರು ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಯವರೆಗೆ ಜಾರಿದರೆ ನೀರಿನಲ್ಲೂ ಹಾಗೆಯೇ ಜಾರುತ್ತದೆ. ಮಕ್ಕಳ ಜಾಕೆಟ್‌ಗೆ ತೊಡೆಗಳ ನಡುವೆ ಹಾಯುವ ಪಟ್ಟಿ ಇರಲೇಬೇಕು. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಬಿಸಿಲಿಗೆ ಬಣ್ಣ ಹೋಗಿ ಒಳಗಿನ ಸ್ಪಂಜು ಪುಡಿಯಾದದ್ದು, ಕೂಡುವ ಗದ್ದಿಗೆಯಾಗಿ ಬಳಕೆಯಾಗಿ ಚಪ್ಪಟೆಯಾದದ್ದು ಕೆಲಸಕ್ಕೆ ಬಾರದು. ತೆಪ್ಪದ ಮೂಲೆಯಲ್ಲಿ ಗಂಟು ಕಟ್ಟಿಟ್ಟ ಜಾಕೆಟ್ ಟಾಮಿ ಅವರ ತುರ್ತು ಚೀಲದಂತೆಯೇ. ಮಗುಚಿದ ಮೇಲೆ ಅದನ್ನು ಹುಡುಕಿ ತೊಡುವುದು ನುರಿತ ಈಜುಗಾರನಿಗೂ ಕಷ್ಟ.

ನಮ್ಮ ಬಾವಿಗಳಲ್ಲಿ ಹಿರಿಯರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ತತ್ವ ಅದೇ, ತೇಲುವ ವಸ್ತು ಮೈಗೇ ಕಟ್ಟಿರಬೇಕು. ಲಾರಿಯ ಟ್ಯೂಬನ್ನು ಹಿಡಿದುಕೊಂಡು ಹೋಗುವುದು ಅದಕ್ಕೆ ಸಮವಲ್ಲ, ಕೈ ಸೋತರೆ ಟ್ಯೂಬು ತಪ್ಪುತ್ತದೆ. ಆದರೆ ಬಿದ್ದವರತ್ತ ಎಸೆಯಲು ಟ್ಯೂಬು ಬಹಳ ಒಳ್ಳೆಯದು.

ತೆಪ್ಪದಲ್ಲಿ ಇರಬೇಕಾದ ಉಳಿದ ವಸ್ತುಗಳಿಗೆ ಹೆಚ್ಚಿನ ಖರ್ಚಿಲ್ಲ. ತೇಲುವ ಹಗ್ಗ, ನೀರು ಹೊರಹಾಕಲು ಡಬ್ಬಿ, ಹೆಚ್ಚುವರಿ ಹುಟ್ಟು, ಸೀಟಿ, ಬ್ಯಾಟರಿ, ನೀರು ತಾಗದ ಚೀಲದಲ್ಲಿ ಮೊಬೈಲು. ಬಲೆಯಲ್ಲಿ ಕಾಲು ಸಿಕ್ಕಿದರೆ ಕತ್ತರಿಸಲು ಸೊಂಟದಲ್ಲೊಂದು ಚಾಕು. ಭಾರದ ವಿಷಯ ಇವೆಲ್ಲಕ್ಕಿಂತ ದೊಡ್ಡದು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಮಂದಿ ಸತ್ತರು. ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದು ಅದರ ಒಂದು ಕಾರಣವೆಂದು ವರದಿಯಾಗಿತ್ತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಅಲೆಗೆ ಸಿಕ್ಕಿ 16 ಮಂದಿ ಪ್ರಾಣ ಕಳೆದುಕೊಂಡರು. ಜಾತ್ರೆಯ ದಿನ ‘ಇನ್ನೊಬ್ಬರು ಹಿಡಿಸುತ್ತಾರೆ’ ಎಂಬ ಮಾತು ಕೃಷ್ಣೆಯ ದಂಡೆಯಲ್ಲೂ ಕೇಳಿಬರುವಂಥದ್ದೇ.

ಉಪ್ಪಿನ ರಾಶಿಯಲ್ಲಿ ಜೀವವಿಲ್ಲ

ಮುಳುಗುತ್ತಿರುವವರನ್ನು ಕಂಡ ಕೂಡಲೇ ನೀರಿಗೆ ಹಾರುವುದು ಸಹಜ. ಒಬ್ಬರನ್ನು ಉಳಿಸಲು ಹೋಗಿ ಮತ್ತಿಬ್ಬರು ಸತ್ತ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಒತ್ತಿ ಮೇಲೇಳಲು ಯತ್ನಿಸುತ್ತಾನೆ, ಅದು ಉಳಿಸಲು ಬಂದವನ ಹೆಗಲೂ ಆಗಬಹುದು. ಮೊದಲು ಕೋಲು ಚಾಚಬೇಕು, ಹಗ್ಗ ಅಥವಾ ಬಾಯಿ ಮುಚ್ಚಿದ ಖಾಲಿ ಕ್ಯಾನು ಎಸೆಯಬೇಕು. ಸೀರೆ, ಪಂಚೆ ಕೂಡ ಹಗ್ಗವೇ. ತಿಕೋಟಾ ಕಡೆಯ ಕೃಷಿ ಹೊಂಡಗಳಲ್ಲಿ ಆಳಕ್ಕಿಂತ ಜಾರುವ ಪ್ಲಾಸ್ಟಿಕ್ ಇಳಿಜಾರೇ ಹೆಚ್ಚು ಅಪಾಯಕಾರಿ. ಈಜು ಬಲ್ಲವರಿಗೂ ಹತ್ತಿ ಬರಲಾಗದು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗಗಳನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಹತ್ತಲು ಆಸರೆ ಸಿಗುತ್ತದೆ.

ಮೇಲೆತ್ತಿದ ಮೇಲಿನ ಕೆಲವು ನಿಮಿಷಗಳಲ್ಲಿ ನಡೆಯುವ ತಪ್ಪುಗಳು ಹಲವು. ತಲೆಕೆಳಗಾಗಿ ಹಿಡಿದು ಸುತ್ತಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳೆಯ ರೂಢಿ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಸೇರಿ ಅಪಾಯ ಹೆಚ್ಚುತ್ತದೆ, ಹೊತ್ತೂ ಕಳೆಯುತ್ತದೆ. ಇನ್ನೂ ನೋವಿನ ಸಂಗತಿ ಉಪ್ಪಿನದು. 2022ರಲ್ಲಿ ಬಳ್ಳಾರಿ ತಾಲ್ಲೂಕಿನಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ನೀರಿನಲ್ಲಿ ಮುಳುಗಿದ ಬಾಲಕರನ್ನು ಉಪ್ಪಿನ ರಾಶಿಯಲ್ಲಿ ಹುದುಗಿಸಿ, ಜೀವ ಬರುತ್ತದೆಂದು ಹೆತ್ತವರು ಗಂಟೆಗಟ್ಟಲೆ ಕಾದು ಕುಳಿತಿದ್ದರು. ಮೊಬೈಲಿನಲ್ಲಿ ಹರಿದಾಡಿದ ಸಂದೇಶವನ್ನು ಅವರು ನಂಬಿದ್ದರು. ಉಪ್ಪು ದೇಹದೊಳಗಿನ ನೀರನ್ನು ಹೀರಿ ಜೀವ ತರುತ್ತದೆ ಎಂಬುದಕ್ಕೆ ಯಾವ ವೈದ್ಯಕೀಯ ಆಧಾರವೂ ಇಲ್ಲ. ಆ ಹೆತ್ತವರನ್ನು ಹಳಿಯುವುದು ಸುಲಭ. ಉಸಿರು ಕೊಡುವ ಕ್ರಮವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ ಎಂಬುದೇ ಯೋಚಿಸಬೇಕಾದ ಮಾತು.

ಆ ಕ್ರಮ ಹೀಗೆ. ಅಂಗಾತ ಮಲಗಿಸಿ, ಗಲ್ಲವನ್ನು ಮೇಲೆತ್ತಿ, ಬಾಯಲ್ಲಿ ಕೆಸರು, ಪಾಚಿ ಕಂಡರೆ ತೆಗೆಯಬೇಕು. ಉಸಿರಾಟ ಇಲ್ಲವೆಂದಾದರೆ ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ ಎರಡರಿಂದ ಐದು ಬಾರಿ ಉಸಿರು ಊದಬೇಕು. ಹೃದಯಾಘಾತದಲ್ಲಿ ಎದೆ ಒತ್ತುವುದಷ್ಟೇ ಸಾಕೆಂದು ಹೇಳುವುದುಂಟು. ಮುಳುಗಿದವರಿಗೆ ಅದು ಸಾಲದು, ಏಕೆಂದರೆ ಇಲ್ಲಿ ಮೊದಲು ಮುಗಿದಿರುವುದು ಪ್ರಾಣವಾಯು. ಅನಂತರ ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಇಟ್ಟು, ವಯಸ್ಕರಲ್ಲಿ 5ರಿಂದ 6 ಸೆಂ.ಮೀ. ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ 30 ಸಲ ಒತ್ತಬೇಕು. ಮತ್ತೆ ಎರಡು ಉಸಿರು. ನೆರವು ಬರುವವರೆಗೆ ಅಥವಾ ಉಸಿರು ಮರಳುವವರೆಗೆ ಇದನ್ನು ನಿಲ್ಲಿಸಬಾರದು, ಒಬ್ಬರು ದಣಿದರೆ ಇನ್ನೊಬ್ಬರು ಮುಂದುವರಿಸಬೇಕು. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ ಮತ್ತೆ ಆರಂಭಿಸಬೇಕು.

ಇದೇ ಹೊತ್ತಿಗೆ ಜೊತೆಯಲ್ಲಿದ್ದವರು 108 ಅಥವಾ 112ಕ್ಕೆ ಕರೆ ಮಾಡಬೇಕು. ಕಡಲ ತೀರದಲ್ಲಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ‘ಹೊಳೆ ದಂಡ್ಯಾಗ’ ಎಂದರೆ ಆಂಬುಲೆನ್ಸ್ ಚಾಲಕನಿಗೆ ದಾರಿ ತಿಳಿಯದು. ಊರು, ಹತ್ತಿರದ ಜಾಕ್‌ವೆಲ್ ಅಥವಾ ಗುಡಿ, ವಾಹನ ಬರುವ ಕೊನೆಯ ರಸ್ತೆ ಇಷ್ಟನ್ನು ಹೇಳಿ ರಸ್ತೆಗೆ ಒಬ್ಬರನ್ನು ನಿಲ್ಲಿಸುವುದು ಉತ್ತಮ. ಎದ್ದು ಕುಳಿತು ಮಾತನಾಡಿದರೂ ನೀರು ಕುಡಿದವರನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಕೆಮ್ಮು, ಏದುಸಿರು, ಮಂಪರು ಅದರ ಲಕ್ಷಣಗಳು.

ಕಾನೂನಿನಲ್ಲಿಯೂ ತೆಪ್ಪಕ್ಕೆ ಸ್ಥಾನ ಇದೆ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಗುರುತಿಸಿ, ಸ್ಥಳೀಯ ಸ್ವಯಂ ಆಡಳಿತ ಸಂಸ್ಥೆಗಳ ಮೂಲಕ ದಾಖಲಿಸಲು, ಅವುಗಳಿಗೆ ಕನಿಷ್ಠ ಸುರಕ್ಷತಾ ಮಟ್ಟ ನಿಗದಿಪಡಿಸಲು ಅವಕಾಶ ಕಲ್ಪಿಸಿದೆ. ಅಂದರೆ ಬಬಲೇಶ್ವರ ತಾಲ್ಲೂಕಿನ ದಂಡೆಯಲ್ಲಿ ಎಷ್ಟು ತೆಪ್ಪಗಳಿವೆ, ಯಾರವು, ಯಾವುದರಲ್ಲಿ ಎಷ್ಟು ಜನ ಕೂಡಬಹುದು, ಎಷ್ಟು ಜಾಕೆಟ್ ಇವೆ ಎಂಬುದನ್ನು ಬರೆದಿಡುವ ಪುಸ್ತಕವೊಂದನ್ನು ಗ್ರಾಮ ಪಂಚಾಯಿತಿಯ ಕಚೇರಿಯಲ್ಲೇ ತೆರೆಯಲು ಸಾಧ್ಯ.